ಯೂರಿನ್ ಕಲ್ಚರ್ ರಿಪೋರ್ಟ್ ತುಂಬಾ ‘ಆರ್’. ಯಾವ ಮಾತ್ರೆಯೂ ನಾಟಲ್ಲ ಅಂತಾನಾ?

ಕುಕ್ಕರಹಳ್ಳಿ ವಾಕರ್:
ಸ್ವಲ್ಪ ಮುಜುಗರದ ವಿಷಯ. ಆದರೆ ಇಲ್ಲಿ ಹೆಂಗಸರು ಸಾಕಷ್ಟು ಜನ ಇದ್ದೀರಿ ಅಂತ ಧೈರ್ಯ ಮಾಡಿ ಬರೆಯುತ್ತಿದ್ದೇನೆ.

ಹತ್ತು ತಿಂಗಳಲ್ಲಿ ಇದು ಮೂರನೇ ಸಲ ಉರಿಮೂತ್ರ. ಮೊದಲನೇ ಸಲ ಯುಗಾದಿಯ ಹಿಂದಿನ ದಿನ. ಒಬ್ಬಟ್ಟಿಗೆ ಕಣಕ ನಾದುತ್ತಾ ಅರ್ಧ ಗಂಟೆಯಲ್ಲಿ ನಾಲ್ಕು ಸಲ ಬಚ್ಚಲಿಗೆ ಓಡಿದ್ದೇನೆ. ಹೋದರೆ ನಾಲ್ಕೇ ಹನಿ, ಅದೂ ಮೆಣಸಿನಕಾಯಿ ಅರೆದು ಹಚ್ಚಿದ ಹಾಗೆ. ಹಬ್ಬದ ದಿನ ಯಾವ ಡಾಕ್ಟರು ಸಿಗುತ್ತಾರೆ? ನಮ್ಮ ಯಜಮಾನರು ಮೆಡಿಕಲ್ ಶಾಪಿಗೆ ಹೋಗಿ ‘ಯೂರಿನ್ ಇನ್ಫೆಕ್ಷನ್‌ಗೆ ಏನಾದರೂ ಕೊಡಿ’ ಅಂದರು. ಆರು ಸಿಪ್ರೋಫ್ಲಾಕ್ಸಾಸಿನ್ ಕತ್ತರಿಸಿ ಕೊಟ್ಟರಂತೆ. ಎರಡು ದಿನಕ್ಕೆ ಹಾಯೆನಿಸಿತು. ಉಳಿದ ಎರಡು ಮಾತ್ರೆ ಫ್ರಿಜ್ ಮೇಲಿನ ಡಬ್ಬಿಗೆ ಹೋದವು.

ಎರಡನೇ ಸಲ ಶ್ರಾವಣದಲ್ಲಿ. ಡಬ್ಬಿಯಲ್ಲಿದ್ದ ಅವೆರಡನ್ನೇ ನುಂಗಿದೆ, ಜಗ್ಗಲಿಲ್ಲ. ಹತ್ತಿರದ ಕ್ಲಿನಿಕ್ಕಿನಲ್ಲಿ ಸೆಫಿಕ್ಸಿಮ್ ಬರೆದರು, ಐದು ದಿನ. ಹೋಯಿತು. ಈಗ ಸಂಕ್ರಾಂತಿ ಕಳೆದ ಮೇಲೆ ಮತ್ತೆ ಶುರು.

ಈ ಸಲ ಬೇರೆ ಡಾಕ್ಟರ ಹತ್ತಿರ ಹೋದೆ. ಅವರು ಮಾತ್ರೆ ಬರೆಯುವ ಮುಂಚೆಯೇ ಕಲ್ಚರ್‌ಗೆ (ಮೂತ್ರದಲ್ಲಿರುವ ಬ್ಯಾಕ್ಟೀರಿಯಾ ಬೆಳೆಸಿ ನೋಡುವ ಪರೀಕ್ಷೆಗೆ) ಕಳಿಸಿದರು. ಮೂರನೇ ದಿನ ರಿಪೋರ್ಟ್ ಬಂತು. ‘ಈ ಕೋಲೈ’ (E. coli) ಅನ್ನುವ ಬ್ಯಾಕ್ಟೀರಿಯಾ, ಒಂದು ಲಕ್ಷಕ್ಕಿಂತ ಜಾಸ್ತಿ. ಕೆಳಗೆ ಔಷಧಿಗಳ ಉದ್ದ ಪಟ್ಟಿ, ಒಂದೊಂದರ ಮುಂದೆ ಆರ್ (ರೆಸಿಸ್ಟೆಂಟ್, ನಾಟದು) ಇಲ್ಲವೇ ಎಸ್ (ಸೆನ್ಸಿಟಿವ್, ನಾಟುತ್ತದೆ). ಸಿಪ್ರೋ ಆರ್, ನಾರ್‌ಫ್ಲಾಕ್ಸಾಸಿನ್ ಆರ್, ಸೆಫಿಕ್ಸಿಮ್ ಆರ್, ಅಮಾಕ್ಸಿಸಿಲಿನ್-ಕ್ಲಾವ್ ಆರ್, ಕೋಟ್ರೈಮಾಕ್ಸಜೋಲ್ ಆರ್. ನೈಟ್ರೋಫುರಾಂಟಾಯಿನ್, ಫಾಸ್ಫೋಮೈಸಿನ್, ಅಮಿಕಾಸಿನ್, ಮೆರೊಪೆನೆಮ್ ಇಷ್ಟಕ್ಕೆ ಮಾತ್ರ ಎಸ್. ಕೊನೆಯಲ್ಲಿ ದಪ್ಪ ಅಕ್ಷರದಲ್ಲಿ ‘ಇಎಸ್‌ಬಿಎಲ್ ಪಾಸಿಟಿವ್’ ಅಂತ. ಅದನ್ನು ನೋಡಿ ಎದೆ ಧಸಕ್ಕೆಂದಿತು. ಜ್ವರ ಇಲ್ಲ, ಬೆನ್ನು ನೋವಿಲ್ಲ, ಸಕ್ಕರೆ ಕಾಯಿಲೆ ಇಲ್ಲ. ವಯಸ್ಸು 41.

ಡಾಕ್ಟರು ನೈಟ್ರೋಫುರಾಂಟಾಯಿನ್ 100 ಬೆಳಿಗ್ಗೆ-ರಾತ್ರಿ ಊಟದ ಜೊತೆ ಐದು ದಿನ ಅಂದರು, ಅಷ್ಟೇ. ಪಕ್ಕದ ಮನೆಯವರು ‘ಅದು ಓಬೀರಾಯನ ಕಾಲದ ಮಾತ್ರೆ, ಅಡ್ಮಿಟ್ ಆಗಿ ಇಂಜೆಕ್ಷನ್ ಹಾಕಿಸಿಕೊಳ್ಳಿ’ ಅನ್ನುತ್ತಿದ್ದಾರೆ. ನನ್ನ ಮೈಗೇ ಔಷಧಿ ನಾಟದ ಹಾಗೆ ಆಗಿಹೋಗಿದೆಯಾ? ಅನುಭವ ಇದ್ದವರು ಹೇಳಿ.

ಮದ್ದೂರ್ ವಡೆ:
ಬಾರ್ಲಿ ನೀರು ಕುಡೀರಿ ಮೇಡಂ. ಎಲ್ಲಾ ಕ್ಲೀನ್.

ಅಗ್ರಹಾರದ ಅಜ್ಜಿ:
ನಮ್ಮ ಕಾಲದಲ್ಲಿ ಇದಕ್ಕೆಲ್ಲ ಉಷ್ಣ ಅನ್ನುತ್ತಿದ್ದೆವು. ಕೊತ್ತಂಬರಿ ಬೀಜ, ಜೀರಿಗೆ ರಾತ್ರಿ ನೆನೆಹಾಕಿ ಬೆಳಿಗ್ಗೆ ಸೋಸಿ ಕುಡಿದರೆ ಮುಗಿಯಿತು. ಈಗಿನವರಿಗೆ ಎಲ್ಲಕ್ಕೂ ಲ್ಯಾಬು, ರಿಪೋರ್ಟು. ಹೆದರಬೇಡಮ್ಮ.

ಹೊಲಿಗೆ ಮಿಷಿನ್:
ಅಜ್ಜಿ, ಆ ಕಾಲದಲ್ಲಿ ಉಷ್ಣ ಅಂತ ಸುಮ್ನೆ ಇದ್ದು ಕಿಡ್ನಿಗೆ ಏರಿಸಿಕೊಂಡವರನ್ನು ಯಾರೂ ಲೆಕ್ಕ ಹಾಕಲಿಲ್ಲ ಅಷ್ಟೇ.

ಲ್ಯಾಬ್ ಕಡೆಯವಳು:
ಅಕ್ಕ, ನಿಮ್ಮಂಥ ರಿಪೋರ್ಟು ನಾನು ದಿನಾ ಟೈಪ್ ಮಾಡುತ್ತೇನೆ. ಅದಕ್ಕೇ ಎರಡು ಮಾತು.

ಆರ್ ಅಂತ ಬಂದಿರುವುದು ನಿಮ್ಮ ಮೈಗಲ್ಲ, ಆ ಮೂತ್ರದಲ್ಲಿದ್ದ ಬ್ಯಾಕ್ಟೀರಿಯಾಕ್ಕೆ. ಇದನ್ನು ಎಲ್ಲರೂ ತಪ್ಪು ತಿಳಿಯುತ್ತಾರೆ. ನಿಮ್ಮ ಮೂತ್ರದ ಒಂದು ಹನಿಯನ್ನು ತಟ್ಟೆಯ ಮೇಲೆ ಗೀಚಿ ರಾತ್ರಿಯಿಡೀ 37 ಡಿಗ್ರಿ ಶಾಖದಲ್ಲಿ ಇಡುತ್ತೇವೆ. ಬೆಳಿಗ್ಗೆ ತೆಗೆದರೆ ಈ ಕೋಲೈ ಆಗಿದ್ದರೆ ಮ್ಯಾಕಾಂಕಿ ಅಗರ್ (ತಟ್ಟೆಯಲ್ಲಿ ಬ್ಯಾಕ್ಟೀರಿಯಾ ಬೆಳೆಯಲು ಹಾಕುವ ಆಹಾರ) ಮೇಲೆ ಗುಲಾಬಿ ಬಣ್ಣದ ಚುಕ್ಕೆಗಳು, ಕುಂಕುಮ ಚೆಲ್ಲಿದ ಹಾಗೆ. ಅದರಲ್ಲಿ ಒಂದು ಚುಕ್ಕೆ ಎತ್ತಿ ಇನ್ನೊಂದು ತಟ್ಟೆಯ ತುಂಬಾ ಸವರಿ, ಮೇಲೆ ಔಷಧಿ ಹಾಕಿದ ಪುಟ್ಟ ಕಾಗದದ ಬಿಲ್ಲೆಗಳನ್ನು ಇಡುತ್ತೇವೆ. ಹಳೇ ಹತ್ತು ಪೈಸೆಗಿಂತ ಎಷ್ಟೋ ಚಿಕ್ಕವು. ಮಾರನೇ ದಿನ ನೋಡಿದರೆ ಕೆಲವು ಬಿಲ್ಲೆ ಸುತ್ತ ಏನೂ ಬೆಳೆಯದೆ ಬೋಳು ವೃತ್ತ ಇರುತ್ತದೆ. ಸ್ಕೇಲ್ ಹಿಡಿದು ಎಷ್ಟು ಮಿಲಿಮೀಟರ್ ಅಂತ ಅಳೆಯುತ್ತೇವೆ. ವೃತ್ತ ಸಾಕಷ್ಟು ಅಗಲ ಇದ್ದರೆ ಎಸ್. ಬ್ಯಾಕ್ಟೀರಿಯಾ ಬಿಲ್ಲೆಯ ಅಂಚಿಗೇ ಬಂದು ಕೂತಿದ್ದರೆ ಆರ್. ಮೊದಲು ಬೆಳೆಸಬೇಕು, ಆಮೇಲೆ ಬಿಲ್ಲೆ ಇಡಬೇಕು. ಅದಕ್ಕೇ ಎರಡು ಮೂರು ದಿನ ಬೇಕು. ‘ಇವತ್ತು ಸಂಜೆ ಕೊಡಿ’ ಅಂತ ಕೌಂಟರಿನಲ್ಲಿ ಜಗಳ ಆಡುವವರಿಗೆ ಇದನ್ನು ಎಷ್ಟು ಸಲ ಹೇಳಿದ್ದೇನೋ.

ಇಎಸ್‌ಬಿಎಲ್ ಅಂದರೆ ಆ ಬ್ಯಾಕ್ಟೀರಿಯಾ ಒಂದು ಕಿಣ್ವ ತಯಾರಿಸುತ್ತದೆ. ಅದು ಪೆನಿಸಿಲಿನ್, ಸೆಫಿಕ್ಸಿಮ್ ಜಾತಿಯ ಔಷಧಿಗಳನ್ನು ಕತ್ತರಿಸಿ ಬಿಸಾಕುತ್ತದೆ. ಮೆರೊಪೆನೆಮ್‌ನಂಥವನ್ನು ಕತ್ತರಿಸಲು ಅದಕ್ಕೆ ಆಗುವುದಿಲ್ಲ. ನೈಟ್ರೋಫುರಾಂಟಾಯಿನ್ ಬೇರೆಯದೇ ಕುಲದ್ದು, ಈ ಕತ್ತರಿ ಅದರ ಮೇಲೆ ನಡೆಯುವುದಿಲ್ಲ. ಪಟ್ಟಿಯಲ್ಲಿ ಎಸ್ ಇದೆಯಲ್ಲ, ಧೈರ್ಯವಾಗಿರಿ.

ಕುಕ್ಕರಹಳ್ಳಿ ವಾಕರ್:
ಅಯ್ಯೋ, ಇಷ್ಟು ಚೆನ್ನಾಗಿ ಯಾರೂ ಹೇಳಿರಲಿಲ್ಲ. ಥ್ಯಾಂಕ್ಸ್ ತಂಗಿ. ಸ್ಯಾಂಪಲ್ ಕೊಟ್ಟಿದ್ದರಲ್ಲೇ ತಪ್ಪಾಗಿ ಹೀಗೆ ಬಂದಿರಬಹುದಾ?

ಲ್ಯಾಬ್ ಕಡೆಯವಳು:
ಒಂದೇ ಜಾತಿ ಒಂದು ಲಕ್ಷಕ್ಕಿಂತ ಜಾಸ್ತಿ ಬೆಳೆದಿದೆ, ನಿಮಗೆ ಉರಿಯೂ ಇದೆ. ಹಾಗಾಗಿ ಅನುಮಾನ ಬೇಡ. ಮೂರು ನಾಲ್ಕು ತರಹ ಮಿಶ್ರವಾಗಿ ಬೆಳೆದಿದ್ದರೆ ಚರ್ಮದ್ದು ಸೇರಿಕೊಂಡಿದೆ ಅಂತ ನಾವೇ ‘ಮತ್ತೆ ಕೊಡಿ’ ಅನ್ನುತ್ತೇವೆ. ಮುಂದಿನ ಸಲಕ್ಕೆ (ಬೇಡವೇ ಬೇಡ, ಆದರೂ) ಮೊದಲ ಧಾರೆ ಬಿಟ್ಟು ನಡುವಿನದನ್ನು ಹಿಡಿಯಬೇಕು. ಮನೆಯಲ್ಲಿ ಹಿಡಿದು ಬ್ಯಾಗಿನಲ್ಲಿಟ್ಟುಕೊಂಡು ಮಾರ್ಕೆಟ್ ಸುತ್ತಿ ಮಧ್ಯಾಹ್ನ ತಂದು ಕೊಡುವವರಿದ್ದಾರೆ. ಬಿಸಿಲಲ್ಲಿ ಅಷ್ಟು ಹೊತ್ತಿಗೆ ಅದರಲ್ಲಿ ಒಂದು ಊರೇ ಬೆಳೆದಿರುತ್ತದೆ. ಇನ್ನು ಉಪ್ಪಿನಕಾಯಿ ಡಬ್ಬಿ ತೊಳೆದು ತರುವವರ ಬಗ್ಗೆ ನಾನು ಮಾತಾಡುವುದಿಲ್ಲ.

ಮದ್ದೂರ್ ವಡೆ:
ಇನ್ಮೇಲೆ ಯಾರ ಮನೆಯಲ್ಲೂ ಉಪ್ಪಿನಕಾಯಿ ತಿನ್ನಲ್ಲ ನಾನು.

ವಿಜಯನಗರ ನಾಲ್ಕನೇ ಹಂತ:
ಅಡ್ಮಿಟ್ ಮಾತು ಬಂದದ್ದಕ್ಕೆ ನಮ್ಮ ಮನೆಯ ಕಥೆ. ನಮ್ಮ ಅತ್ತೆ, ಮಂಡ್ಯದಲ್ಲಿರುವವರು, 68 ವರ್ಷ, ಇಪ್ಪತ್ತು ವರ್ಷದ ಸಕ್ಕರೆ. ‘ಸ್ವಲ್ಪ ಉರಿ’ ಅಂತ ಹದಿನೈದು ದಿನ ಯಾರಿಗೂ ಹೇಳಿಲ್ಲ. ಮನೆ ಹತ್ತಿರದ ಅಂಗಡಿಯಿಂದ ತರಿಸಿಕೊಂಡು ಏನೇನೋ ನುಂಗಿದ್ದಾರೆ. ಒಂದು ದಿನ ಬೆಳಿಗ್ಗೆ ಮಗಳನ್ನೇ ‘ನೀನ್ಯಾರವ್ವ’ ಅಂತ ಕೇಳಿದರು. ಲಕ್ವ ಹೊಡೆದಿದೆ ಅಂದುಕೊಂಡು ಓಡಿದೆವು. ನೋಡಿದರೆ ಮೂತ್ರದ ಸೋಂಕು ರಕ್ತಕ್ಕೆ ಹೋಗಿತ್ತು. ಬಿಪಿ ಇಳಿದಿತ್ತು. ಅವರದೂ ಇದೇ ಇಎಸ್‌ಬಿಎಲ್. ಮೆರೊಪೆನೆಮ್ ದಿನಕ್ಕೆ ಮೂರು ಸಲ ಡ್ರಿಪ್ಪಿನಲ್ಲಿ, ಒಟ್ಟು ಹನ್ನೊಂದು ದಿನ ಆಸ್ಪತ್ರೆ. ಹೊಸದಾಗಿ ಬಿತ್ತಿದ ಕಬ್ಬಿಗೆ ಇಟ್ಟ ದುಡ್ಡು ಪೂರ್ತಿ ಅಲ್ಲಿಗೆ ಹೋಯಿತು. ಹಾಗಾಗಿ ಸದರ ಮಾಡಬೇಡಿ, ಇಂಜೆಕ್ಷನ್ ಬೇಕಾ ಅಂತ ಇನ್ನೊಬ್ಬರನ್ನು ಕೇಳಿ ಅಂತ ನನ್ನ ಸಲಹೆ.

ಡ್ಯೂಟಿ ಡಾಕ್ಟರು:
ವಿಜಯನಗರ ಸಾರ್, ನಿಮ್ಮ ಅತ್ತೆಯ ಕಥೆ ನಿಜವಾದದ್ದೇ, ನಾವು ವಾರ್ಡಿನಲ್ಲಿ ನೋಡುವುದೂ ಅದೇ. ಆದರೆ ಈ ಮೇಡಂ ಕಥೆಯೇ ಬೇರೆ. ಇಬ್ಬರದೂ ಒಂದೇ ಬ್ಯಾಕ್ಟೀರಿಯಾ ಇರಬಹುದು, ಅದು ಕೂತಿರುವ ಜಾಗ ಬೇರೆ. ಇವರದು ಮೂತ್ರಕೋಶದಲ್ಲಿದೆ. ನೈಟ್ರೋಫುರಾಂಟಾಯಿನ್ ರಕ್ತದಲ್ಲಿ ನಿಲ್ಲುವುದೇ ಇಲ್ಲ, ಮೂತ್ರಕ್ಕೆ ಹೋಗಿ ಅಲ್ಲಿ ಗಟ್ಟಿಯಾಗಿ ಸೇರುತ್ತದೆ. ಮೂತ್ರಕೋಶದ ಸೋಂಕಿಗೆ ಅದು ವರ, ಕಿಡ್ನಿಗೆ ಅಥವಾ ರಕ್ತಕ್ಕೆ ಏರಿದ್ದರೆ ಕೆಲಸಕ್ಕೆ ಬಾರದು. ಕಿಡ್ನಿ ತೀರಾ ಸೋತವರಿಗೂ ಆಗದು.

ಆದ್ದರಿಂದ ಮೇಡಂ, ಚಳಿ ಜ್ವರ, ಪಕ್ಕೆಯ ಹಿಂಭಾಗದಲ್ಲಿ ನೋವು, ವಾಂತಿ ಇವು ಯಾವುದಾದರೂ ಬಂದರೆ ಐದು ದಿನ ಕಾಯದೆ ವಾಪಸ್ ಬನ್ನಿ. ಇಲ್ಲದಿದ್ದರೆ ನಿಮ್ಮ ಡಾಕ್ಟರು ಬರೆದದ್ದು ಸರಿಯಾಗಿಯೇ ಇದೆ. ರಿಪೋರ್ಟಿನಲ್ಲಿ ಮೆರೊಪೆನೆಮ್ ಎಸ್ ಇದೆ ಅಂತ ಅದನ್ನೇ ಹಾಕುವುದು ಜಿರಳೆ ಹೊಡೆಯಲು ಕೋವಿ ತಂದ ಹಾಗೆ. ಅದೂ ನಾಳೆ ಆರ್ ಆದರೆ ವಿಜಯನಗರದವರ ಅತ್ತೆಯಂಥವರಿಗೆ ನಮ್ಮ ಕೈಯಲ್ಲಿ ಏನು ಉಳಿಯುತ್ತದೆ?

ಓಬೀರಾಯನ ಕಾಲದ್ದು ಅನ್ನುವುದು ನಿಜ, 1953ರಿಂದ ಬಳಕೆಯಲ್ಲಿದೆ. ಅಷ್ಟು ಹಳೆಯದಾದರೂ ಈ ಕೋಲೈ ಅದಕ್ಕೆ ಜಾಸ್ತಿ ಪಳಗಿಲ್ಲ. ಒಂದು ಕಾರಣ, ಅದು ಬ್ಯಾಕ್ಟೀರಿಯಾವನ್ನು ಒಂದೇ ಕಡೆ ಹೊಡೆಯುವುದಿಲ್ಲ, ನಾಲ್ಕಾರು ಕಡೆ ಒಟ್ಟಿಗೇ ಹೊಡೆಯುತ್ತದೆ. ಒಂದು ಬಾಗಿಲು ಭದ್ರ ಮಾಡಿಕೊಂಡರೆ ಸಾಲದು. ಇನ್ನೊಂದು ಕಾರಣ, ಸಿಪ್ರೋ ಬಂದ ಮೇಲೆ ಬಹಳ ವರ್ಷ ಇದನ್ನು ಯಾರೂ ಕೇಳುವವರೇ ಇರಲಿಲ್ಲ. ಮೂಲೆಗೆ ಬಿದ್ದದ್ದೇ ಅದನ್ನು ಉಳಿಸಿತು.

ನಾಲೆ ಬಯಲು:
ಡಾಕ್ಟ್ರೇ, ಇದು ನಮಗೆ ಗೊತ್ತಿರುವ ವಿಷಯವೇ. ಭತ್ತಕ್ಕೆ ಕಂದು ಜಿಗಿಹುಳ ಬಿದ್ದಾಗ ಎಲ್ಲರೂ ಇಮಿಡಾಕ್ಲೋಪ್ರಿಡ್ ಅನ್ನುವ ಕೀಟನಾಶಕ ಹೊಡೆದೆವು. ಮೊದಲ ವರ್ಷ ಹುಳ ಉದುರಿ ನೀರಿನ ಮೇಲೆ ತೇಲಿತು. ಬರಬರುತ್ತಾ ಹೊಡೆದರೂ ಅಷ್ಟೆ, ಬಿಟ್ಟರೂ ಅಷ್ಟೆ. ಸತ್ತದ್ದು ಸಾದು ಹುಳ, ಉಳಿದು ಮರಿ ಹಾಕಿದ್ದು ಮೊಂಡು ಹುಳ.

ಲ್ಯಾಬ್ ಕಡೆಯವಳು:
ಅಣ್ಣ, ಸರಿಯಾಗಿ ಹೇಳಿದಿರಿ. ಆದರೆ ಬ್ಯಾಕ್ಟೀರಿಯಾ ನಿಮ್ಮ ಹುಳಕ್ಕಿಂತ ಒಂದು ಕೈ ಮೇಲು. ಮೊಂಡುತನದ ವಂಶವಾಹಿಗಳನ್ನು ಪ್ಲಾಸ್ಮಿಡ್ ಅನ್ನುವ ಪುಟ್ಟ ಬಳೆಯಲ್ಲಿ ಇಟ್ಟುಕೊಂಡಿರುತ್ತದೆ. ಮರಿಗಷ್ಟೇ ಅಲ್ಲ, ಪಕ್ಕದಲ್ಲಿರುವ ಬೇರೆ ಜಾತಿಗೂ ಅದನ್ನು ದಾಟಿಸುತ್ತದೆ. ಈ ಕೋಲೈ ಕಲಿತದ್ದು ಕ್ಲೆಬ್ಸಿಯೆಲ್ಲಾ ಅನ್ನುವ ಇನ್ನೊಂದು ಬ್ಯಾಕ್ಟೀರಿಯಾಕ್ಕೂ ಸಿಗುತ್ತದೆ. ಒಂದೇ ಬಳೆಯಲ್ಲಿ ಮೂರು ನಾಲ್ಕು ಔಷಧಿಗಳ ಪ್ರತಿರೋಧ ಇರಬಹುದು. ಅದಕ್ಕೇ ಈ ಅಕ್ಕ ಕೋಟ್ರೈಮಾಕ್ಸಜೋಲ್ ಮುಟ್ಟದೇ ಇದ್ದರೂ ಅದಕ್ಕೂ ಆರ್ ಬಂದಿದೆ.

ಗುಳಿಗೆ ಗೌಡ:
ಎಲ್ಲರೂ ಅಂಗಡಿಯವನ ಮೇಲೆ ಬೀಳುವ ಮುಂಚೆ ನಾನೇ ಮಾತಾಡಿಬಿಡುತ್ತೇನೆ. ಮಂಡ್ಯದಲ್ಲಿ 17 ವರ್ಷದಿಂದ ಮೆಡಿಕಲ್ ಸ್ಟೋರ್. ಚೀಟಿ ಇಲ್ಲದೆ ಆ್ಯಂಟಿಬಯೋಟಿಕ್ ಕೊಡಬಾರದು, ನನಗೂ ಗೊತ್ತು. 2014ರ ಮಾರ್ಚಿಂದ ಷೆಡ್ಯೂಲ್ ಎಚ್-1 ಅಂತ ಕಟ್ಟುನಿಟ್ಟಿನ ಔಷಧಿ ಪಟ್ಟಿ ಬಂದಿದೆ. ಸೆಫಿಕ್ಸಿಮ್ ಅದರಲ್ಲಿದೆ. ರೋಗಿಯ ಹೆಸರು, ಡಾಕ್ಟರ ಹೆಸರು, ಎಷ್ಟು ಕೊಟ್ಟೆ ಅಂತ ಬೇರೆ ರಿಜಿಸ್ಟರಿನಲ್ಲಿ ಬರೆದು ಮೂರು ವರ್ಷ ಇಡಬೇಕು. ಸಿಪ್ರೋ ಎಚ್-1ರಲ್ಲಿ ಇಲ್ಲದಿದ್ದರೂ ಎಚ್‌ನಲ್ಲಿದೆ, ಅದಕ್ಕೂ ಚೀಟಿ ಬೇಕೇ ಬೇಕು. ಮಾತ್ರೆ ಪಟ್ಟಿಯ ಮೇಲೆ ಉದ್ದಕ್ಕೆ ಕೆಂಪು ಗೆರೆ ಇರುತ್ತಲ್ಲ, ಅದೇ ಗುರುತು.

ಈಗ ನಿಜ ಹೇಳಲಾ? ರಾತ್ರಿ ಒಂಬತ್ತಕ್ಕೆ ಒಬ್ಬಾಕೆ ಬರುತ್ತಾರೆ. ಗಂಡಸರು ನಿಂತಿದ್ದರೆ ಅತ್ತ ಸರಿದು ಕಾಯುತ್ತಾರೆ. ಎಲ್ಲರೂ ಹೋದ ಮೇಲೆ ‘ಅಣ್ಣ, ಅದೇ... ಉರಿ’ ಅಂತ ಮೆಲ್ಲಗೆ ಹೇಳುತ್ತಾರೆ. ಮುಖ ನೋಡಿದರೆ ಕರುಳು ಚುರುಕ್ ಅನ್ನುತ್ತದೆ. ಇಲ್ಲ ಅಂದರೆ ಎದುರುಗಡೆ ಅಂಗಡಿಯಲ್ಲಿ ತೆಗೆದುಕೊಳ್ಳುತ್ತಾರೆ. ಡಾಕ್ಟರ ಫೀಸು, ಟೆಸ್ಟು, ಒಂದು ದಿನದ ಕೂಲಿ ಎಲ್ಲಾ ಸೇರಿದರೆ ಎಷ್ಟಾಯಿತು ನೀವೇ ಲೆಕ್ಕ ಹಾಕಿ.

ಡ್ಯೂಟಿ ಡಾಕ್ಟರು:
ಗೌಡ್ರೇ, ಪ್ರಾಮಾಣಿಕವಾಗಿ ಹೇಳಿದ್ದಕ್ಕೆ ಮೆಚ್ಚಿದೆ. ಆದರೆ ಆ ಎದುರಂಗಡಿಯವನೂ ನಿಮ್ಮ ಬಗ್ಗೆ ಇದೇ ಮಾತು ಹೇಳುತ್ತಾನೆ ಅಲ್ವಾ?

ಗುಳಿಗೆ ಗೌಡ:
ಹೇಳ್ತಾನೆ. ನಮ್ಮ ಷಡ್ಡಕನೇ ಅವನು.

ಮದ್ದೂರ್ ವಡೆ:
😂😂😂

ಗುಳಿಗೆ ಗೌಡ:
ನಗಬೇಡಿ. ಡಾಕ್ಟರುಗಳದೂ ಒಂದು ಪಾಲಿದೆ. ಶೀತ, ಕೆಮ್ಮು, ಮೈಕೈ ನೋವು ಏನೇ ಬರಲಿ, ಚೀಟಿಯ ಮೊದಲನೇ ಸಾಲಿನಲ್ಲಿ ಆ್ಯಂಟಿಬಯೋಟಿಕ್ ಬರೆದು ಕಳಿಸುವವರು ಎಷ್ಟು ಜನ ಇಲ್ಲ? ಕಲ್ಚರ್ ಬರೆದ ಚೀಟಿ ನನ್ನ ಕೌಂಟರಿಗೆ ಬರುವುದು ಅಪರೂಪ.

ಡ್ಯೂಟಿ ಡಾಕ್ಟರು:
ಒಪ್ಪಿದೆ. ಅದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ.

ಹೊಲಿಗೆ ಮಿಷಿನ್:
ನೀವೆಲ್ಲ ಮಾತ್ರೆ ಬಗ್ಗೆಯೇ ಮಾತಾಡುತ್ತಿದ್ದೀರಿ. ಇದು ಬರುವುದು ಯಾಕೆ ಅಂತ ನಾನು ಹೇಳುತ್ತೇನೆ. ನಾನು ಗಾರ್ಮೆಂಟ್ಸ್‌ನಲ್ಲಿ ಆರು ವರ್ಷ ಕೆಲಸ ಮಾಡಿದವಳು. ಬೆಳಿಗ್ಗೆ ಆರೂವರೆಗೆ ಊರಿಂದ ವ್ಯಾನ್ ಹತ್ತಿದರೆ ಸಂಜೆ ಏಳಕ್ಕೆ ಮನೆ. ಗಂಟೆಗೆ ಇಷ್ಟು ಪೀಸ್ ಅಂತ ಟಾರ್ಗೆಟ್. ಎದ್ದು ಹೋದರೆ ಮುಂದಿನವಳ ಕೈ ಖಾಲಿ, ಸೂಪರ್‌ವೈಸರ್ ಕೂಗಾಡುತ್ತಾನೆ. ‘ಎಷ್ಟ್ ಸಲ ಹೋಯ್ತೀಯಮ್ಮ, ಶುಗರ್ರಾ ನಿನ್ಗೆ?’ ಅಂತ ಎಲ್ಲರ ಮುಂದೆ ಕೇಳಿದ್ದಾನೆ. ಅದಕ್ಕೆ ನಾವು ಕಂಡುಕೊಂಡ ಉಪಾಯ, ನೀರೇ ಕುಡಿಯದಿರುವುದು. ಬಾಟ್ಲು ತುಂಬಿಸಿ ಒಯ್ಯುವುದು, ತುಂಬಿದ ಬಾಟ್ಲು ವಾಪಸ್ ತರುವುದು. ನಮ್ಮ ಲೈನಿನಲ್ಲಿ ಉರಿ ಬರದವರು ಯಾರೂ ಇರಲಿಲ್ಲ. ಒಬ್ಬಳ ಬ್ಯಾಗಿನಲ್ಲಿ ಯಾವಾಗಲೂ ನಾರ್‌ಫ್ಲಾಕ್ಸಾಸಿನ್ ಇರುತ್ತಿತ್ತು. ಊಟದ ಹೊತ್ತಿಗೆ ಉಪ್ಪಿನಕಾಯಿ ಹಂಚಿದ ಹಾಗೆ ಒಂದೊಂದು ಹಂಚುತ್ತಿದ್ದಳು. ಒಂದು ಮಾತ್ರೆ, ಅಷ್ಟೇ. ಸ್ವಲ್ಪ ಕಮ್ಮಿ ಆದರೆ ಸಾಕು, ಟಾರ್ಗೆಟ್ ಮುಗಿಯಬೇಕಲ್ಲ.

ಇಲ್ಲಿ ‘ನೀರು ಜಾಸ್ತಿ ಕುಡಿಯಿರಿ’ ಅನ್ನುವವರಿಗೆ ನನ್ನ ಪ್ರಶ್ನೆ. ಕುಡಿದು ಎಲ್ಲಿಗೆ ಹೋಗಬೇಕು?

ಪಾಂಡವಪುರ ಪ್ಯಾಸೆಂಜರ್:
ಇದು ನಿಜವಾದ ಮಾತು. ನಾನು ದಿನಾ ಬಸ್ಸಿನಲ್ಲಿ ಓಡಾಡುವವಳು. ಮೈಸೂರು 2015, 2016ರಲ್ಲಿ ದೇಶಕ್ಕೇ ಮೊದಲ ಸ್ವಚ್ಛ ನಗರ ಅಂತ ನಾವೆಲ್ಲ ಬೀಗಿದ್ದು ಸರಿ. ಆದರೆ ಹೆಂಗಸಿಗೆ ಅವಸರವಾದರೆ ಮೂಗು ಮುಚ್ಚದೆ ಹೋಗುವಂಥ ಜಾಗ ಎಷ್ಟು ಕಡೆ ಸಿಗುತ್ತದೆ? ಅರಮನೆ ಸುತ್ತ ಲೈಟಿಗೆ ಕೊರತೆ ಇಲ್ಲ.

ವಿಜಯನಗರ ನಾಲ್ಕನೇ ಹಂತ:
ಬೆಂಗಳೂರು ಹೈವೇ ಕೇಳಲೇಬೇಡಿ. ರೋಡು ಹತ್ತು ಪಥ, ಹೆಂಡತಿ ಮಗಳಿಗೆ ನಿಲ್ಲಿಸಲು ಒಂದು ಒಳ್ಳೆಯ ಜಾಗ ಹುಡುಕಬೇಕಾದರೆ ಸರ್ವಿಸ್ ರೋಡಿಗೆ ಇಳಿದು ಹೋಟೆಲ್ ನೋಡಬೇಕು. ಕಾಫಿ ಕುಡಿಯುವ ನೆಪದಲ್ಲಿ.

ಮದ್ದೂರ್ ವಡೆ:
ಅದೇ ನಮ್ಮೂರ ವಡೆ ವ್ಯಾಪಾರದ ಗುಟ್ಟು ಸಾರ್. ಈಗ ಬೈಪಾಸ್ ಆಗಿ ಅದೂ ಹೋಯಿತು.

ಅಗ್ರಹಾರದ ಅಜ್ಜಿ:
ನಾನು ಮೇಲೆ ಸುಮ್ನೆ ಒದರಿದೆ ಅನಿಸುತ್ತಿದೆ. ಹೊಲಿಗೆ ಮಿಷಿನ್ ಮಗಳೇ, ಬೇಜಾರು ಮಾಡಿಕೊಳ್ಳಬೇಡ. ನನಗೂ 64. ಎರಡು ವರ್ಷದಿಂದ ಪದೇ ಪದೇ ಬರುತ್ತಿದೆ. ಸೊಸೆಗೆ ಹೇಳಲು ನಾಚಿಕೆ. ಕೊತ್ತಂಬರಿ ನೀರಿಗೆ ಕೇಳುತ್ತಿಲ್ಲ. ಡಾಕ್ಟ್ರಮ್ಮ ಇದ್ದರೆ ಹೇಳಿ, ವಯಸ್ಸಾದ ಮೇಲೆ ಯಾಕೆ ಜಾಸ್ತಿ?

ಡ್ಯೂಟಿ ಡಾಕ್ಟರು:
ಅಜ್ಜಿ, ನಾನು ಡಾಕ್ಟ್ರಪ್ಪ. ಪರವಾಗಿಲ್ಲ.

ಮುಟ್ಟು ನಿಂತ ಮೇಲೆ ಈಸ್ಟ್ರೋಜನ್ ಇಳಿಯುತ್ತದೆ. ಯೋನಿಯಲ್ಲಿ ಲ್ಯಾಕ್ಟೋಬ್ಯಾಸಿಲಸ್ ಅಂತ ಒಳ್ಳೆಯ ಬ್ಯಾಕ್ಟೀರಿಯಾ ಕಾವಲು ಇರುತ್ತವೆ, ಅವು ಕಡಿಮೆಯಾಗುತ್ತವೆ. ಆ ಜಾಗಕ್ಕೆ ಕರುಳಿನ ಈ ಕೋಲೈ ಬಂದು ಕೂರುತ್ತದೆ. ಹೆಂಗಸರ ಮೂತ್ರನಾಳ ನಾಲ್ಕು ಸೆಂಟಿಮೀಟರ್ ಅಷ್ಟೇ ಉದ್ದ, ಗಂಡಸರದು ಇಪ್ಪತ್ತರ ಹತ್ತಿರ. ಆ ನಾಲ್ಕು ಸೆಂಟಿಮೀಟರ್ ಏರಲು ಬ್ಯಾಕ್ಟೀರಿಯಾಕ್ಕೆ ಹೊತ್ತೇ ಬೇಡ. ಅಲ್ಲೇ ಹಚ್ಚುವ ಈಸ್ಟ್ರೋಜನ್ ಕ್ರೀಂ ಇದೆ. ಪದೇ ಪದೇ ಬರುವುದನ್ನು ಅದು ತಗ್ಗಿಸುತ್ತದೆ, ಆ್ಯಂಟಿಬಯೋಟಿಕ್ಕೂ ಅಲ್ಲ. ಹೆಂಗಸರ ಡಾಕ್ಟರನ್ನು ನೋಡಿ, ಸೊಸೆಯನ್ನೂ ಕರೆದುಕೊಂಡು ಹೋಗಿ.

ಇನ್ನೊಂದು. ಉರಿ, ಜ್ವರ ಏನೂ ಇಲ್ಲದೆ ಹೆಲ್ತ್ ಚೆಕಪ್ಪಿನಲ್ಲಿ ಮೂತ್ರದಲ್ಲಿ ಬ್ಯಾಕ್ಟೀರಿಯಾ ಕಂಡಿತು ಅಂತ ಮಾತ್ರೆ ಶುರು ಮಾಡಬೇಡಿ. ವಯಸ್ಸಾದ ಹೆಂಗಸರಲ್ಲಿ ಅದು ಸುಮ್ನೆ ಇರುತ್ತದೆ. ಬಸುರಿಯರು, ಮೂತ್ರನಾಳದ ಆಪರೇಷನ್‌ಗೆ ಹೋಗುವವರು ಬೇರೆ ಲೆಕ್ಕ, ಅವರಿಗೆ ಕೊಡಲೇಬೇಕು.

ಹೊಲಿಗೆ ಮಿಷಿನ್ ಅವರ ಪ್ರಶ್ನೆಗೆ ನನ್ನ ಹತ್ತಿರ ಮಾತ್ರೆ ಇಲ್ಲ. 2018ರಲ್ಲಿ ಬಂದ ಒಂದು ಅಧ್ಯಯನ ಇದೆ. ನೀರು ಕಡಿಮೆ ಕುಡಿಯುವ, ಪದೇ ಪದೇ ಸೋಂಕು ಬರುವ 140 ಹೆಂಗಸರಲ್ಲಿ ಅರ್ಧ ಜನಕ್ಕೆ ದಿನಕ್ಕೆ ಒಂದೂವರೆ ಲೀಟರ್ ಹೆಚ್ಚಿಗೆ ಕುಡಿಸಿದರು. ವರ್ಷದಲ್ಲಿ ಅವರಿಗೆ ಸೋಂಕು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯಿತು, ಆ್ಯಂಟಿಬಯೋಟಿಕ್ ಕೂಡ. ಅಂದರೆ ಕಾರ್ಖಾನೆಯ ಶೌಚಾಲಯವೂ ಒಂದು ಔಷಧಿಯೇ. ಅದನ್ನು ಯಾರು ಬರೆದುಕೊಡುತ್ತಾರೋ ಗೊತ್ತಿಲ್ಲ.

ನಾಲೆ ಬಯಲು:
ಒಂದು ಅನುಮಾನ. ಹಸುವಿಗೆ ಕೆಚ್ಚಲು ಬಾವು ಬಂದರೆ ಇಂಜೆಕ್ಷನ್, ಕೆಚ್ಚಲಿಗೆ ಟ್ಯೂಬು ಹಾಕುತ್ತಾರೆ. ಅವೂ ಆ್ಯಂಟಿಬಯೋಟಿಕ್ಕೇ. ಇಷ್ಟು ದಿನ ಹಾಲು ಹಾಕಬೇಡ ಅಂತ ಪಶು ಡಾಕ್ಟರು ಹೇಳುತ್ತಾರೆ. ಮನೆಯಲ್ಲಿ ಇರುವುದೇ ಒಂದು ಹಸು ಆದರೆ ಹಾಲು ಚೆಲ್ಲುವವರು ಯಾರು? ಅದರಿಂದಲೂ ಹೀಗಾಗುತ್ತಾ?

ಪಾಂಡವಪುರ ಪ್ಯಾಸೆಂಜರ್:
ಕಾಯಿಸಿದರೆ ಹೋಗುತ್ತದೆ ಬಿಡಿ.

ಲ್ಯಾಬ್ ಕಡೆಯವಳು:
ಕಾಯಿಸಿದರೆ ಬ್ಯಾಕ್ಟೀರಿಯಾ ಸಾಯುತ್ತದೆ. ಔಷಧಿಯ ಅಂಶ ಪೂರ್ತಿ ಹೋಗುವುದಿಲ್ಲ. ಪ್ರಾಣಿಗಳಿಗೆ ಬಳಸುವುದೂ ಈ ಸಮಸ್ಯೆಯ ಒಂದು ಬೇರು. ಕೊಲಿಸ್ಟಿನ್ ಅಂತ ಮನುಷ್ಯರಿಗೆ ಕೊನೆಯ ಅಸ್ತ್ರವಾಗಿ ಇಟ್ಟುಕೊಂಡ ಔಷಧಿ ಇದೆ. ಅದನ್ನು ಕೋಳಿ ದಪ್ಪ ಆಗಲಿ ಅಂತ ಮೇವಿಗೆ ಬೆರೆಸುತ್ತಿದ್ದರು. 2019ರಲ್ಲಿ ಕೇಂದ್ರ ಸರ್ಕಾರ ನಿಷೇಧಿಸಿತು. ಆದರೆ ಈ ಅಕ್ಕನ ಈ ಕೋಲೈ ಎಲ್ಲಿಂದ ಬಂತು ಅಂತ ಬೆರಳು ತೋರಿಸಿ ಹೇಳಲು ಆಗುವುದಿಲ್ಲ.

ಮದ್ದೂರ್ ವಡೆ:
ಬಾರ್ಲಿ ಬಗ್ಗೆ ಯಾರೂ ಮಾತೇ ಆಡುತ್ತಿಲ್ಲ.

ಡ್ಯೂಟಿ ಡಾಕ್ಟರು:
ಕುಡಿಯಿರಿ ವಡೆಯವರೇ, ನೀರು ಒಳಗೆ ಹೋದರೆ ಒಳ್ಳೆಯದೇ. ಸೋಂಕು ಅದರಿಂದ ವಾಸಿಯಾಗುವುದಿಲ್ಲ ಅಷ್ಟೇ. ಉರಿಗೆ ಅಂತ ಕೊಡುವ ಗುಲಾಬಿ ಬಣ್ಣದ ಸಿಟ್ರೇಟ್ ಸಿರಪ್ ಕೂಡ ಅಷ್ಟೇ, ಹುಳಿ ತಗ್ಗಿಸಿ ಉರಿ ಕಡಿಮೆ ಮಾಡಬಹುದು, ಬ್ಯಾಕ್ಟೀರಿಯಾ ಅಲ್ಲೇ ಇರುತ್ತದೆ. ನೈಟ್ರೋಫುರಾಂಟಾಯಿನ್ ಜೊತೆಗೆ ಆ ಸಿರಪ್ ಬೇಡ. ಮೂತ್ರ ಹುಳಿಯಾಗಿದ್ದರೇ ಈ ಮಾತ್ರೆ ಚೆನ್ನಾಗಿ ಕೆಲಸ ಮಾಡುವುದು.

ಕುಕ್ಕರಹಳ್ಳಿ ವಾಕರ್:
ಅಯ್ಯೋ! ಹಳೇ ಸಿರಪ್ ಅರ್ಧ ಬಾಟ್ಲು ಇತ್ತು, ಎರಡು ಸಲ ಕುಡಿದೆ. ಈಗ ನಿಲ್ಲಿಸಿದೆ.

ಪಾಂಡವಪುರ ಪ್ಯಾಸೆಂಜರ್:
ಇದೆಲ್ಲ ಆದದ್ದು ಕೋರ್ಸ್ ಪೂರ್ತಿ ಮಾಡದೆ ಇದ್ದದ್ದಕ್ಕೆ. ಆರರಲ್ಲಿ ಎರಡು ಉಳಿಸಿದ್ದೇ ತಪ್ಪು. ಪೆನಿಸಿಲಿನ್ ಕಂಡುಹಿಡಿದ ಫ್ಲೆಮಿಂಗ್ 1945ರಲ್ಲಿ ನೊಬೆಲ್ ತೆಗೆದುಕೊಳ್ಳುವಾಗಲೇ ಕಡಿಮೆ ಡೋಸ್ ನುಂಗಿದರೆ ಹೀಗಾಗುತ್ತದೆ ಅಂತ ಎಚ್ಚರಿಸಿದ್ದಾನೆ.

ಡ್ಯೂಟಿ ಡಾಕ್ಟರು:
ಅರ್ಧ ಸರಿ. ಕಡಿಮೆ ಡೋಸ್ ತಪ್ಪು. ಆದರೆ ‘ಜಾಸ್ತಿ ದಿನ ತಿಂದಷ್ಟೂ ಒಳ್ಳೆಯದು’ ಅನ್ನುವುದೂ ತಪ್ಪು. ಪ್ರತಿ ದಿನದ ಮಾತ್ರೆಯೂ ಕರುಳಿನಲ್ಲಿರುವ ಕೋಟ್ಯಂತರ ಬ್ಯಾಕ್ಟೀರಿಯಾಗಳಲ್ಲಿ ಮೊಂಡು ಯಾವುದೋ ಅದನ್ನು ಆರಿಸಿ ಉಳಿಸುತ್ತದೆ. ಅದಕ್ಕೇ ಈಗ ಮೂತ್ರಕೋಶದ ಸೋಂಕಿಗೆ ಕಡಿಮೆ ದಿನ ಕೊಡುತ್ತಾರೆ. ಫಾಸ್ಫೋಮೈಸಿನ್ ಆದರೆ 3 ಗ್ರಾಂ ಪುಡಿ, ನೀರಿಗೆ ಹಾಕಿ ಒಂದೇ ಸಲ. ಬರೆದಷ್ಟು ದಿನ ತೆಗೆದುಕೊಳ್ಳಿ, ಉಳಿಸಬೇಡಿ, ಇನ್ನೊಬ್ಬರಿಗೆ ಕೊಡಬೇಡಿ. ಒಂದು ಸಲ ಆ್ಯಂಟಿಬಯೋಟಿಕ್ ತಿಂದರೆ ಅದರ ಪ್ರಭಾವ ಒಂದು ವರ್ಷದವರೆಗೂ ಇರಬಹುದು. ಮೇಡಂಗೆ ಮೊದಲ ಸಲ ಸಿಪ್ರೋ ಕೇಳಿ, ಶ್ರಾವಣದಲ್ಲಿ ಕೇಳದೇ ಹೋದದ್ದು ಹೀಗೇ ಇರಬಹುದು.

ಗುಳಿಗೆ ಗೌಡ:
ಹಾಗಾದರೆ ಸಿಪ್ರೋ ಈಗ ಯಾರಿಗೂ ನಾಟುವುದೇ ಇಲ್ಲವಾ ಸಾರ್? ನನ್ನ ಹತ್ತಿರ ಇನ್ನೂ ದಂಡಿಯಾಗಿ ಹೋಗುತ್ತದೆ.

ಡ್ಯೂಟಿ ಡಾಕ್ಟರು:
ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಪ್ರತಿ ವರ್ಷ ದೇಶದ ದೊಡ್ಡ ಆಸ್ಪತ್ರೆಗಳ ಲೆಕ್ಕ ಹಾಕುತ್ತದೆ. ಅದರಲ್ಲಿ ಈ ಕೋಲೈ ಅರ್ಧಕ್ಕಿಂತ ಬಹಳ ಜಾಸ್ತಿ ಸಿಪ್ರೋಗೆ ಬಗ್ಗುತ್ತಿಲ್ಲ, ನೈಟ್ರೋಫುರಾಂಟಾಯಿನ್‌ಗೆ ಬಹುಪಾಲು ಬಗ್ಗುತ್ತದೆ. ದೊಡ್ಡಾಸ್ಪತ್ರೆಗೆ ಬರುವವರು ಅದಾಗಲೇ ನಾಲ್ಕು ಕಡೆ ತಿಂದು ಬಂದವರು, ಹಾಗಾಗಿ ಊರಿನ ಲೆಕ್ಕ ಸ್ವಲ್ಪ ಕಡಿಮೆ ಇರಬಹುದು. ಆದರೂ ಕುರುಡಾಗಿ ಸಿಪ್ರೋ ಕೊಡುವ ಕಾಲ ಮುಗಿಯಿತು ಗೌಡ್ರೇ.

ವಿಜಯನಗರ ನಾಲ್ಕನೇ ಹಂತ:
ಹೊಸ ಔಷಧಿ ಏನೂ ಬರುತ್ತಿಲ್ಲವಾ?

ಡ್ಯೂಟಿ ಡಾಕ್ಟರು:
2025ರ ಮಾರ್ಚಿನಲ್ಲಿ ಅಮೆರಿಕದಲ್ಲಿ ಗೆಪೊಟಿಡಾಸಿನ್ ಅಂತ ಒಂದಕ್ಕೆ ಒಪ್ಪಿಗೆ ಸಿಕ್ಕಿತು, ಇದೇ ಹೆಂಗಸರ ಮೂತ್ರಕೋಶದ ಸೋಂಕಿಗೆ. ಹೊಸ ಬಗೆಯದು. ಆದರೆ ಅದನ್ನೂ ಉಪ್ಪಿನಕಾಯಿಯ ಹಾಗೆ ಹಂಚಿದರೆ...

ಹೊಲಿಗೆ ಮಿಷಿನ್:
ನನ್ನ ಮಾತನ್ನು ನನಗೇ ತಿರುಗಿಸಿದಿರಿ ಡಾಕ್ಟ್ರೇ 🙂

ಕುಕ್ಕರಹಳ್ಳಿ ವಾಕರ್:
ಎಂಟು ದಿನ ಆದ ಮೇಲೆ ಬರೆಯುತ್ತಿದ್ದೇನೆ. ಐದು ದಿನ ಹತ್ತೂ ಮಾತ್ರೆ ಮುಗಿಸಿದೆ. ಮೊದಲ ದಿನ ಸ್ವಲ್ಪ ಹೊಟ್ಟೆ ತೊಳಸಿತು, ಊಟದ ಮಧ್ಯೆ ನುಂಗಿದ ಮೇಲೆ ಸರಿಹೋಯಿತು. ಮೂತ್ರ ಕಡು ಹಳದಿ, ಹತ್ತಿರ ಹತ್ತಿರ ಕಾಫಿ ಡಿಕಾಕ್ಷನ್ ಬಣ್ಣ. ಡಾಕ್ಟರು ಮೊದಲೇ ಹೇಳಿದ್ದರಿಂದ ಹೆದರಲಿಲ್ಲ. ಮೂರನೇ ದಿನಕ್ಕೇ ಉರಿ ನಿಂತಿತ್ತು. ಈಗ ಆರಾಮ. ಮತ್ತೆ ಕಲ್ಚರ್ ಮಾಡಿಸಬೇಕಾ?

ಡ್ಯೂಟಿ ಡಾಕ್ಟರು:
ಆರಾಮಾಗಿದ್ದರೆ ಬೇಡ. ಮತ್ತೆ ಉರಿ ಬಂದರೆ, ಮಾತ್ರೆಗೆ ಮುಂಚೆ.

ಅಗ್ರಹಾರದ ಅಜ್ಜಿ:
ನಾನೂ ಹೋಗಿದ್ದೆ. ಸೊಸೆಯೇ ಕರೆದುಕೊಂಡು ಹೋದಳು. ಅವಳಿಗೂ ಒಂದು ಸಲ ಬಂದಿತ್ತಂತೆ, ಅವಳೂ ನನಗೆ ಹೇಳಿರಲಿಲ್ಲ. ಇಬ್ಬರೂ ಆಟೋದಲ್ಲಿ ನಕ್ಕಿದ್ದೇ ನಕ್ಕಿದ್ದು.

ಕುಕ್ಕರಹಳ್ಳಿ ವಾಕರ್:
😊 ಅಜ್ಜಿ, ಖುಷಿಯಾಯಿತು. ನಿನ್ನೆ ನಮ್ಮ ಓರಗಿತ್ತಿ ಫೋನ್ ಮಾಡಿದ್ದಳು, ಕೆ.ಆರ್. ಪೇಟೆಯಿಂದ. ‘ಅಕ್ಕ, ನನಗೂ ಎರಡು ದಿನದಿಂದ ಅದೇ. ನಿಮಗೆ ವಾಸಿ ಆಯಿತಲ್ಲ, ಆ ಮಾತ್ರೆ ಹೆಸರು ವಾಟ್ಸಾಪ್ ಮಾಡಿ’ ಅಂದಳು. ನಾನು ಖಾಲಿ ಕಲ್ಚರ್ ಡಬ್ಬಿಯ ಫೋಟೋ ಕಳಿಸಿದೆ. ಬೈದುಕೊಂಡಳು. ಇವತ್ತು ಬೆಳಿಗ್ಗೆ ಕೊಟ್ಟು ಬಂದಳಂತೆ.

ಲ್ಯಾಬ್ ಕಡೆಯವಳು:
ಉಪ್ಪಿನಕಾಯಿ ಡಬ್ಬಿ ಅಲ್ಲ ತಾನೇ?

ಕುಕ್ಕರಹಳ್ಳಿ ವಾಕರ್:
ಕೇಳಿದೆ. ಅಲ್ಲವಂತೆ.